ಬಳಿಯದ ಬಣ್ಣ: ಶಾಲೆಯ ಗೋಡೆಯ ಮೇಲೆ ಆರಿದ್ರಾ ನಕ್ಷತ್ರ

ಪ್ರಶ್ನೆ: ನಾನು ಬೀದರ್ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರ ಚಿತ್ರಕಲಾ ಶಿಕ್ಷಕ. ಫೆಬ್ರುವರಿಯ ವಿಜ್ಞಾನ ದಿನಕ್ಕೆ ನಮ್ಮ ವಿಜ್ಞಾನದ ಮೇಡಂ ಜೊತೆ ಸೇರಿ 8 ಅಡಿ ಅಗಲ, 4 ಅಡಿ ಎತ್ತರದ ಗೋಡೆಚಿತ್ರ ಮಾಡುವ ಯೋಚನೆ ಇದೆ. ಪೇಂಟ್ ಬಳಿಯದೆ, ಬೆಳಕಿನ ವ್ಯತಿಕರಣದಿಂದಲೇ (ಬೆಳಕಿನ ಅಲೆಗಳು ಒಂದರ ಮೇಲೊಂದು ಬಿದ್ದು ಎದ್ದು ಕಾಣುವುದು, ಇಲ್ಲವೇ ಅಡಗುವುದು) ಬಣ್ಣ ಬರಬೇಕು ಎಂಬುದು ಆಸೆ. ನೀರಿನ ಮೇಲೆ ನೇಲ್ ಪಾಲಿಷ್ ನಾಲ್ಕೈದು ಹನಿ ಹಾಕಿ ಕಪ್ಪು ಹಾಳೆಯಲ್ಲಿ ಎತ್ತಿ ನೋಡಿದೆವು. ಬೂದು ಪೊರೆ ಬಂತು. ಒಂದೆರಡು ಕಡೆ ಬಣ್ಣ ಬಂದಿದ್ದೂ ವಾರ್ನಿಷ್ ಹೊಡೆದ ಮೇಲೆ ಮಾಯವಾಯಿತು. ಮೇಡಂಗೆ ಖಗೋಳ ವಿಜ್ಞಾನದ ಸಂಬಂಧ ಇರಲೇಬೇಕಂತೆ. ಸಿಡಿ ಚೂರು ಅಂಟಿಸಿ ಗ್ಯಾಲಕ್ಸಿ ಮಾಡೋಣ ಎಂದು ನಾನು ಹೇಳಿದ್ದೆ. ಲೇಸರ್ ಬಳಸಬಹುದೇ? ಖರ್ಚು ಮೂರು ಸಾವಿರ ದಾಟಬಾರದು.

ಉತ್ತರ: ಹಾಳೆ ಬೂದಾಗಿದ್ದಕ್ಕೆ ಪಾಲಿಷ್ ಕಾರಣವಲ್ಲ, ಹನಿಗಳ ಲೆಕ್ಕ ಕಾರಣ. ಬಣ್ಣ ಮಾಯವಾಗಿದ್ದಕ್ಕೆ ವಾರ್ನಿಷ್ಷೇ ಕಾರಣ. ಎರಡಕ್ಕೂ ಮೂಲ ಒಂದೇ, ಹಾಗಾಗಿ ಅದನ್ನು ಮೊದಲು ನೋಡೋಣ.

ತೆಳು ಪದರದ ಮೇಲೆ ಬಿದ್ದ ಬೆಳಕಿನಲ್ಲಿ ಸ್ವಲ್ಪ ಭಾಗ ಮೇಲ್ಮೈಯಿಂದಲೇ ಹಿಂತಿರುಗುತ್ತದೆ, ಇನ್ನು ಸ್ವಲ್ಪ ಒಳಗೆ ಹೋಗಿ ತಳದಿಂದ ಹಿಂತಿರುಗುತ್ತದೆ. ತಳಕ್ಕೆ ಹೋಗಿ ಬಂದದ್ದು ಹೆಚ್ಚು ದೂರ ನಡೆದಿರುತ್ತದೆ. ಆ ಹೆಚ್ಚುವರಿ ದೂರ ಯಾವ ತರಂಗದೂರಕ್ಕೆ (ಬೆಳಕಿನ ಒಂದು ಅಲೆಯ ಉದ್ದ, ಒಂದೊಂದು ಬಣ್ಣಕ್ಕೆ ಒಂದೊಂದು) ಹೊಂದುತ್ತದೋ ಆ ಬಣ್ಣ ಎದ್ದು ಕಾಣುತ್ತದೆ, ಹೊಂದದ ಬಣ್ಣ ಅಡಗುತ್ತದೆ. ಒಣಗಿದ ನೇಲ್ ಪಾಲಿಷ್‌ನ ವಕ್ರೀಭವನ ಸೂಚ್ಯಂಕ (ಅದರೊಳಗೆ ಬೆಳಕು ಎಷ್ಟು ಪಟ್ಟು ನಿಧಾನವಾಗುತ್ತದೆ ಎಂಬ ಅಳತೆ) ಸುಮಾರು 1.5. ಪದರ 280 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿ.ಮೀ.ನ ಹತ್ತು ಲಕ್ಷದಲ್ಲಿ ಒಂದು ಪಾಲು) ದಪ್ಪವಿದ್ದರೆ ನೇರ ನೋಟಕ್ಕೆ ಹಸಿರು-ಹಳದಿ ಮೇಲುಗೈ ಪಡೆಯುತ್ತದೆ, ನೇರಳೆ ಅಡಗುತ್ತದೆ. ದಪ್ಪ ಒಂದು ಮೈಕ್ರೋಮೀಟರ್ (1,000 ನ್ಯಾನೋಮೀಟರ್) ದಾಟಿತೆಂದರೆ ಕೆಂಪಿನಲ್ಲೂ ಹಸಿರಿನಲ್ಲೂ ನೀಲಿಯಲ್ಲೂ ಒಟ್ಟಿಗೆ ಹಲವು ತರಂಗದೂರಗಳು ಹೊಂದಿಬಿಡುತ್ತವೆ. ಎಲ್ಲ ಸೇರಿ ಕಣ್ಣಿಗೆ ಮಾಸಲು ಬಿಳಿ. ನಿಮಗೆ ಬಂದ ಬೂದು ಅದೇ.

ಹನಿಯ ಲೆಕ್ಕ ಹೀಗೆ. ಬ್ರಷ್ಷಿನ ತುದಿಯಿಂದ ಬೀಳುವ ಒಂದು ಹನಿ 0.02 ಮಿ.ಲೀ. ಎಂದಿಟ್ಟುಕೊಳ್ಳಿ. ದ್ರಾವಕ ಹಾರಿಹೋದ ಮೇಲೆ ಕಾಲು ಭಾಗ ಉಳಿಯಿತು ಅನ್ನಿ. ಅದು 15 ಸೆಂ.ಮೀ. ವ್ಯಾಸಕ್ಕೆ ಹರಡಿದರೆ ಪದರದ ದಪ್ಪ 280 ನ್ಯಾನೋಮೀಟರ್ ಆಸುಪಾಸು. 10 ಸೆಂ.ಮೀ.ಗೇ ನಿಂತರೆ 640. ಅದೇ ಹತ್ತು ಸೆಂಟಿಮೀಟರಿನಲ್ಲಿ ಎರಡು ಹನಿ ಕೂತರೆ 1,270, ಆಗ ಬಣ್ಣ ಕೈಬಿಟ್ಟ ಹಾಗೆಯೇ. ನೀವು ನಾಲ್ಕೈದು ಹಾಕಿದ್ದೀರಿ. ಒಂದು ತಟ್ಟೆಗೆ ಒಂದೇ ಹನಿ, ಅದು ಅಂಗೈಗಿಂತ ಅಗಲವಾಗಿ ಹರಡಬೇಕು.

ಹಾಳೆ ಎತ್ತುವ ಕ್ರಮ

ಸುಮಾರು 12 × 15 ಇಂಚಿನ ಪ್ಲಾಸ್ಟಿಕ್ ಟ್ರೇಗೆ ಮೂರ್ನಾಲ್ಕು ಸೆಂ.ಮೀ. ನೀರು ಹಾಕಿ. ಬೋರ್‌ವೆಲ್ ನೀರಾದರೆ ಮೇಲೆ ಕಾಣದಂಥ ಪೊರೆ ಇರುತ್ತದೆ, ಅದು ಹನಿಯನ್ನು ಹರಡಲು ಬಿಡುವುದಿಲ್ಲ. ಟಿಶ್ಯೂ ಪೇಪರನ್ನು ನೀರಿನ ಮೇಲೆ ಮಲಗಿಸಿ ಒಂದು ಅಂಚಿನಿಂದ ಎಳೆದು ತೆಗೆದರೆ ಪೊರೆ ಅದರ ಜೊತೆ ಬರುತ್ತದೆ. ಹನಿ ಹಾಕುವ ಮುಂಚೆ ಪ್ರತಿ ಸಲವೂ ಹೀಗೆ ಮಾಡಿ. ಹಿಂದಿನ ಪದರದ ಚೂರು ಉಳಿದಿದ್ದರೆ ಹೊಸದು ಅಲ್ಲಿಗೇ ನಿಂತು ಸುಕ್ಕಾಗುತ್ತದೆ.

ಕಪ್ಪು ಹಾಳೆಯನ್ನು ಮೊದಲೇ ನೀರಿನೊಳಗೆ ಮುಳುಗಿಸಿಡಿ. ಬೆರಳಿನಿಂದ ಸವರಿ ಗುಳ್ಳೆ ಬಿಡಿಸಿ. ಆಮೇಲೆ ಬಣ್ಣ, ಮಿನುಗು ಏನೂ ಇಲ್ಲದ ಪಾರದರ್ಶಕ ಪಾಲಿಷ್‌ನ ಒಂದು ಹನಿಯನ್ನು ನೀರಿನಿಂದ ಒಂದೆರಡು ಸೆಂ.ಮೀ. ಎತ್ತರದಿಂದ ಬಿಡಿ. ಎತ್ತರದಿಂದ ಬಿಟ್ಟರೆ ಹನಿ ಮುಳುಗಿ ತಳದಲ್ಲಿ ಗಂಟಾಗುತ್ತದೆ. ಹರಡುವುದು ಎರಡು ಮೂರು ಸೆಕೆಂಡಿನ ಆಟ. ಹರಡುತ್ತಿರುವಾಗಲೇ ಉಂಗುರ ಉಂಗುರವಾಗಿ ಬಣ್ಣ ಓಡುವುದು ಕಾಣುತ್ತದೆ. ಅರ್ಧ ನಿಮಿಷ ಕಾದು, ಹಾಳೆಯ ಒಂದು ಅಂಚು ಹಿಡಿದು 20-30 ಡಿಗ್ರಿ ಓರೆಯಲ್ಲಿ ನಿಧಾನ ಎತ್ತಿ. ಸಮತಲವಾಗಿ ಎತ್ತಿದರೆ ಪದರದಡಿ ನೀರು ಉಳಿದು, ಒಣಗುವಾಗ ಗುಳ್ಳೆ ಏಳುತ್ತದೆ. ಹಳೆಯ ಪೇಪರ್ ಮೇಲೆ ಮುಖ ಮೇಲಾಗಿ ಅರ್ಧ ಗಂಟೆ ಒಣಗಿಸಿ. ಫ್ಯಾನ್ ಗಾಳಿ ಬೇಡ.

ಹವೆಯ ಬಗ್ಗೆ ಒಂದು ಮಾತು. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಈ ಕೆಲಸಕ್ಕೆ ಕೈಹಾಕಬಾರದು. ದ್ರಾವಕ ಹರಡುವ ಮುಂಚೆಯೇ ಹಾರಿಹೋಗಿ ಪದರ ಸಣ್ಣ, ದಪ್ಪ, ಸುಕ್ಕುಸುಕ್ಕು. ಜನವರಿಯ ಬೆಳಗಿನ ಹೊತ್ತು ಚೆನ್ನಾಗಿರುತ್ತದೆ. ಬಾಟಲಿ ಹಳೆಯದಾಗಿ ಪಾಲಿಷ್ ಗಟ್ಟಿಯಾಗಿದ್ದರೂ ಇದೇ ತೊಂದರೆ. ಥಿನ್ನರ್ ಒಂದೆರಡು ಹನಿ ಬೆರೆಸಿದರೆ ಸರಿಹೋಗುತ್ತದೆ. ಪಾಲಿಷ್‌ನಲ್ಲಿರುವ ಈಥೈಲ್ ಅಸಿಟೇಟ್ ಮತ್ತು ಬ್ಯೂಟೈಲ್ ಅಸಿಟೇಟ್ ಬೇಗ ಹೊತ್ತಿಕೊಳ್ಳುತ್ತವೆ, ತಲೆಯನ್ನೂ ನೋಯಿಸುತ್ತವೆ. ಕಿಟಕಿ ಬಾಗಿಲು ತೆರೆದಿರಲಿ, ಆ ಕೋಣೆಯಲ್ಲಿ ಮೇಣದ ಬತ್ತಿ ಬೇಡ.

ಕಪ್ಪು ಏಕೆ, ವಾರ್ನಿಷ್ ಏಕೆ ಬೇಡ

ಗಾಳಿಯಿಂದ ಪದರಕ್ಕೆ ಬರುವಾಗ ಹಿಂತಿರುಗುವ ಬೆಳಕು ನೂರಕ್ಕೆ ಬರೀ ನಾಲ್ಕು. ಎರಡೂ ಮೇಲ್ಮೈಗಳದ್ದು ಹೊಂದಿಕೊಂಡಾಗಲೂ ಹದಿನೈದು ದಾಟುವುದಿಲ್ಲ. ಹಾಳೆ ಬಿಳಿಯಿದ್ದರೆ ಅದು ನೂರಕ್ಕೆ ಎಂಬತ್ತು ಬೆಳಕನ್ನು ವಾಪಸು ಎರಚುತ್ತದೆ, ಆ ಹದಿನೈದು ಎಲ್ಲಿ ಕಾಣಬೇಕು? ಕಪ್ಪು ಹಾಳೆ ಒಳಹೋದ ಬೆಳಕನ್ನೆಲ್ಲ ನುಂಗುತ್ತದೆ, ಹಾಗಾಗಿ ಪದರದ ಬಣ್ಣ ಮಾತ್ರ ಉಳಿಯುತ್ತದೆ. ಮ್ಯಾಟ್ ಕಪ್ಪು ಹಾಳೆಯೇ ಆಗಬೇಕು. ಕೆಲವು ಅಗ್ಗದ ಕಪ್ಪು ಚಾರ್ಟ್ ನೀರಿಗೆ ಬಣ್ಣ ಬಿಡುತ್ತದೆ, ಒಂದು ಚೂರನ್ನು ಹತ್ತು ನಿಮಿಷ ನೆನೆಸಿ ನೋಡಿಕೊಳ್ಳಿ.

ನುಣುಪಾದ ಕಪ್ಪು ಪ್ಲಾಸ್ಟಿಕ್ ಶೀಟ್ ಇನ್ನೂ ಚೆನ್ನ ಅನ್ನಿಸುತ್ತದೆ, ಆದರೆ ಅದು ಮೋಸ. ಅಕ್ರಿಲಿಕ್‌ನ ಸೂಚ್ಯಂಕವೂ ಹೆಚ್ಚುಕಡಿಮೆ 1.5. ನೀರು ಇರುವ ತನಕ ಬಣ್ಣ ಕಾಣುತ್ತದೆ. ನೀರು ಆರಿ ಪದರ ಪೂರ್ತಿ ಅಂಟಿಕೊಂಡ ಕಡೆ, ಬೆಳಕಿನ ಪಾಲಿಗೆ ಪದರದ ತಳ ಎಂಬುದೇ ಇಲ್ಲ. ಎರಡರಲ್ಲಿ ಒಂದು ಪ್ರತಿಫಲನ ಹೋದರೆ ವ್ಯತಿಕರಣವೂ ಹೋಯಿತು. ಹಾಳೆ ಒರಟಾಗಿರುವುದರಿಂದ ಪದರದಡಿ ಅಲ್ಲಲ್ಲಿ ಗಾಳಿ ಉಳಿಯುತ್ತದೆ, ಆ ಗಾಳಿಯೇ ನಿಮ್ಮ ಬಣ್ಣವನ್ನು ಕಾಯುವುದು. ವಾರ್ನಿಷ್ ಮಾಡಿದ್ದು ಇದೇ ಕೇಡನ್ನು ಮೇಲ್ಗಡೆಯಿಂದ. ಅದರ ಸೂಚ್ಯಂಕವೂ 1.5ರ ಹತ್ತಿರ, ಪದರದ ಮೇಲ್ಮೈಯನ್ನು ಅಳಿಸಿಹಾಕುತ್ತದೆ. ಜೊತೆಗೆ ಅದರ ದ್ರಾವಕ ಪದರವನ್ನೇ ಕರಗಿಸಲೂಬಹುದು. ಲ್ಯಾಮಿನೇಷನ್ ಮಾಡಿಸಿದರೂ ಅದೇ ಗತಿ. ಬೆರಳಿನ ಎಣ್ಣೆ ತಾಗಿದ ಜಾಗದಲ್ಲೂ ಬಣ್ಣ ಬದಲಾಗುತ್ತದೆ, ಅಂಚು ಹಿಡಿದೇ ಕೆಲಸ ಮಾಡಿ. ಮುಂದೆ ಗಾಜು ಕೂರಿಸುವ ಯೋಚನೆಯನ್ನೂ ಬಿಡಿ. ಗಾಜಿನದೇ ಎಂಟು ಪರ್ಸೆಂಟ್ ಪ್ರತಿಫಲನ ಬಣ್ಣದ ಮೇಲೆ ಬಿಳಿ ಎಳೆದಂತಾಗುತ್ತದೆ. ಧೂಳು ಕೂತರೆ ಮೆತ್ತನೆ ಬ್ರಷ್ ಸಾಕು.

ಬೀದರ್‌ನವರಿಗೆ ಈ ಪಾಠ ಊರಲ್ಲೇ ಇದೆ. ಕೋಟೆಯ ರಂಗೀನ್ ಮಹಲ್‌ನಲ್ಲಿ, 16ನೇ ಶತಮಾನದ ಬರೀದ್ ಶಾಹಿ ದೊರೆ ಅಲಿ ಬರೀದ್ ಕಾಲದ ಕೆಲಸದಲ್ಲಿ, ಕಪ್ಪು ಕಲ್ಲನ್ನು ಕೆತ್ತಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಆ ಚಿಪ್ಪಿನಲ್ಲಿ ಬಣ್ಣದ ಪುಡಿ ಏನೂ ಇಲ್ಲ. ಅರ್ಧ ಮೈಕ್ರೋಮೀಟರ್ ಆಸುಪಾಸಿನ ಅರಗೊನೈಟ್ ಹರಳಿನ ಹಾಳೆಗಳು ಒಂದರ ಮೇಲೊಂದು ನೂರಾರು ಕೂತಿರುತ್ತವೆ. ನಿಮ್ಮದು ಒಂದು ಪದರ, ಚಿಪ್ಪಿನದು ನೂರಾರು, ಅದಕ್ಕೇ ಅದು ಕಪ್ಪಿಲ್ಲದೆಯೂ ಹೊಳೆಯುತ್ತದೆ. ಆದರೂ ಕುಶಲಕರ್ಮಿಗಳು ಸುತ್ತ ಕಪ್ಪು ಕಲ್ಲನ್ನೇ ಇಟ್ಟರು. ಸಿ.ವಿ. ರಾಮನ್ 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಇಂಥ ಚಿಪ್ಪುಗಳ ಬಣ್ಣದ ಮೇಲೆಯೇ ಸಂಶೋಧನೆ ನಡೆಸಿದ್ದರು. ಅವರ 1928ರ ಫೆಬ್ರುವರಿ 28ರ ಶೋಧದ ನೆನಪಿಗೇ ನಿಮ್ಮ ವಿಜ್ಞಾನ ದಿನ. ಮಕ್ಕಳನ್ನು ಕರೆದೊಯ್ಯುವುದಾದರೆ ಒಳಗೆ ಬಿಡುತ್ತಾರೋ ಎಂದು ಕೋಟೆಯ ಪುರಾತತ್ವ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಚಿಪ್ಪಿನ ಮುಂದೆ ನಿಂತು ತಲೆಯನ್ನು ಎಡಕ್ಕೂ ಬಲಕ್ಕೂ ಸರಿಸಿದರೆ ಬಣ್ಣ ಜರುಗುತ್ತದೆ. ಅಲ್ಲಿಂದ ಹೊರಟು 1472ರ ಮಹಮೂದ್ ಗಾವಾನ್ ಮದರಸಾದ ಹೆಂಚುಗಳ ಮುಂದೆ ಇದನ್ನೇ ಮಾಡಿಸಿ. ನೀಲಿ ನೀಲಿಯಾಗಿಯೇ ನಿಲ್ಲುತ್ತದೆ, ಏಕೆಂದರೆ ಅದು ಮೆರುಗಿನೊಳಗೆ ಬೆರೆಸಿದ ಬಣ್ಣ. ತರಗತಿಯಲ್ಲಿ ಒಂದು ಪಿರಿಯಡ್ ಹೇಳುವುದನ್ನು ಈ ಎರಡು ಜಾಗ ಹತ್ತು ನಿಮಿಷದಲ್ಲಿ ತೋರಿಸುತ್ತವೆ.

ಇನ್ನು ಬಿದರಿ ತಟ್ಟೆಯ ಕಪ್ಪಿನ ಮೇಲೆ ಪಾಲಿಷ್ ಪದರ ಎತ್ತುವ ಆಲೋಚನೆ ಬಂದಿದ್ದರೆ ಬೇಡ. ಸತು-ತಾಮ್ರದ ಆ ಲೋಹಕ್ಕೆ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿ ತಂದ ಕಪ್ಪು ಅದು. ಅದಕ್ಕೆ ದ್ರಾವಕ ಸೋಕಿಸುವುದು ಸರಿಯಲ್ಲ.

ಗ್ಯಾಲಕ್ಸಿ ಬೇಡ, ನಕ್ಷತ್ರ ಅಳೆಯಿರಿ

ಸಿಡಿ ಚೂರಿನ ಗ್ಯಾಲಕ್ಸಿಗೆ ನನ್ನ ಮತ ಇಲ್ಲ. ಸಿಡಿಯ ಬಣ್ಣ 1.6 ಮೈಕ್ರೋಮೀಟರ್ ಅಂತರದ ಗೆರೆಗಳಿಂದ ಬರುವ ವಿವರ್ತನೆ (ಕಿರಿದಾದ ಗೆರೆಗಳಲ್ಲಿ ಬೆಳಕು ಬಾಗಿ ಹರಡುವುದು), ಅದರಲ್ಲಿ ತಪ್ಪಿಲ್ಲ. ಆದರೆ ಗ್ಯಾಲಕ್ಸಿಯ ಆಕಾರಕ್ಕೂ ಆ ಗೆರೆಗಳಿಗೂ ಏನೂ ಸಂಬಂಧವಿಲ್ಲ. ಹೊಳೆಯುವ ಸಾಮಾನಿನಿಂದ ಆಕಾಶದ ಚಿತ್ರ ಮಾಡಿದಂತಾಗುತ್ತದೆ, ಅಷ್ಟೇ. ವ್ಯತಿಕರಣ ಖಗೋಳ ವಿಜ್ಞಾನಕ್ಕೆ ನಿಜವಾಗಿ ಬಂದು ಮಾಡಿದ ಕೆಲಸವೊಂದಿದೆ, ಅದನ್ನೇ ಗೋಡೆಗೆ ತನ್ನಿ: ನಕ್ಷತ್ರದ ಅಗಲ ಅಳೆದದ್ದು.

ಆರಿದ್ರಾ ಮಳೆ ಗೊತ್ತಿಲ್ಲದ ರೈತರ ಮನೆ ನಿಮ್ಮ ಶಾಲೆಯಲ್ಲಿ ಇರಲಾರದು. ಆ ಹೆಸರಿನ ನಕ್ಷತ್ರ, ಮಹಾವ್ಯಾಧನ ಹೆಗಲ ಮೇಲಿನ ಕೆಂಪು ಚುಕ್ಕೆ, ಫೆಬ್ರುವರಿ ಸಂಜೆ ನೆತ್ತಿಯ ಕಡೆ ಚೆನ್ನಾಗಿ ಕಾಣುತ್ತದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಬೀಟಲ್‌ಗೀಸ್. 1920ರ ಡಿಸೆಂಬರ್‌ನಲ್ಲಿ ಅಮೆರಿಕದ ಮೌಂಟ್ ವಿಲ್ಸನ್‌ನಲ್ಲಿ ಆಲ್ಬರ್ಟ್ ಮೈಕೆಲ್ಸನ್ ಮತ್ತು ಫ್ರಾನ್ಸಿಸ್ ಪೀಸ್ ಅಳೆದದ್ದು ಇದನ್ನೇ. 2.5 ಮೀಟರ್ ದೂರದರ್ಶಕದ ನೆತ್ತಿಗೆ 6 ಮೀಟರ್ ಉದ್ದದ ಉಕ್ಕಿನ ತೊಲೆ ಕಟ್ಟಿ, ಅದರ ಮೇಲೆ ಸರಿಯುವ ಎರಡು ಕನ್ನಡಿ ಇಟ್ಟರು. ಎರಡು ಕನ್ನಡಿಯಿಂದ ಬಂದ ಒಂದೇ ನಕ್ಷತ್ರದ ಬೆಳಕು ಕೂಡಿ ಬೆಳಕು-ಕತ್ತಲೆಯ ಪಟ್ಟೆ ಮೂಡಿತು. ಕನ್ನಡಿಗಳನ್ನು ದೂರ ಸರಿಸುತ್ತಾ ಹೋದಂತೆ ಪಟ್ಟೆ ಮಸುಕಾಗಿ, ಅಂತರ 3.07 ಮೀಟರ್ ಆದಾಗ ಅಳಿಸಿಹೋಯಿತು. ನಕ್ಷತ್ರ ಬರೀ ಬಿಂದುವಾಗಿದ್ದರೆ ಪಟ್ಟೆ ಅಳಿಯುವುದಿಲ್ಲ. ಅದಕ್ಕೆ ಅಗಲವಿದ್ದರೆ ಎಡ ಅಂಚಿನ ಬೆಳಕಿನ ಪಟ್ಟೆಯ ಮೇಲೆ ಬಲ ಅಂಚಿನ ಬೆಳಕಿನ ಪಟ್ಟೆ ಸರಿದು ಬಿದ್ದು ಒಂದನ್ನೊಂದು ತುಂಬಿಬಿಡುತ್ತವೆ. ತರಂಗದೂರವನ್ನು ಅಂತರದಿಂದ ಭಾಗಿಸಿ 1.22ರಿಂದ ಗುಣಿಸಿದರೆ ನಕ್ಷತ್ರದ ಅಗಲ ನಮ್ಮ ಕಣ್ಣಿಗೆ ಮಾಡುವ ಕೋನ ಸಿಗುತ್ತದೆ: 0.047 ಸೆಕೆಂಡ್ (ಇದು ಕೋನದ ಸೆಕೆಂಡ್, ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲು). ಸೂರ್ಯನನ್ನು ಬಿಟ್ಟರೆ ಹೀಗೆ ನೇರ ಅಳತೆಗೆ ಸಿಕ್ಕ ಮೊದಲ ನಕ್ಷತ್ರ ಇದು.

ಇದನ್ನು ಮಗುವೊಂದು ನಿಮ್ಮ ಕಾರಿಡಾರಿನಲ್ಲಿ ನಿಂತು ತಾನೇ ನೋಡಬಹುದು. ಬೇಕಾದದ್ದು ತೂತು ಕೊರೆದ ತಗಡು, ಎಲ್‌ಇಡಿ ಬಲ್ಬ್, ಎರಡು ಸೀಳಿನ ಒಂದು ಗಾಜು. ಇಲ್ಲಿ ತೂತೇ ನಕ್ಷತ್ರ, ಎರಡು ಸೀಳೇ ಎರಡು ಕನ್ನಡಿ.

ತಗಡಿನಲ್ಲಿ 10 ಸೆಂ.ಮೀ. ಅಂತರಕ್ಕೆ 1, 2, 3 ಮತ್ತು 4 ಮಿ.ಮೀ. ಡ್ರಿಲ್ ಬಿಟ್‌ನಿಂದ ನಾಲ್ಕು ತೂತು ಹಾಕಿಸಿ. ರಟ್ಟಿನಲ್ಲಿ ಹಾಕಿದರೆ ಅಂಚು ಪಿಸಿದು ಅಳತೆ ಕೆಡುತ್ತದೆ. ತಗಡಿನ ಹಿಂದೆ ಬಟರ್ ಪೇಪರ್, ಅದರ ಹಿಂದೆ ಹಸಿರು ಜಿಲೆಟಿನ್ ಪೇಪರ್, ಅದರ ಹಿಂದೆ 9 ವ್ಯಾಟ್ ಎಲ್‌ಇಡಿ ಬಲ್ಬ್, ಎಲ್ಲ ಒಂದು ರಟ್ಟಿನ ಡಬ್ಬಿಯೊಳಗೆ. ಬಟರ್ ಪೇಪರ್ ಇಲ್ಲದಿದ್ದರೆ ತೂತಿನ ತುಂಬ ಬೆಳಕು ಸಮನಾಗಿ ಬರದೆ ಎಲ್‌ಇಡಿಯ ಚಿಪ್‌ಗಳೇ ಬಿಂದುಗಳಾಗಿ ಕಾಣುತ್ತವೆ, ಆಗ ದೊಡ್ಡ ತೂತಿನಲ್ಲೂ ಪಟ್ಟೆ ಉಳಿದು ಪ್ರಯೋಗವೇ ಸುಳ್ಳಾಗುತ್ತದೆ. ಹಸಿರು ಹಾಳೆ ಇಲ್ಲದಿದ್ದರೆ ನಡುವಿನ ಮೂರ್ನಾಲ್ಕು ಪಟ್ಟೆ ಮಾತ್ರ ಕಂಡು, ಉಳಿದವು ಬಣ್ಣ ಕಲಸಿ ಹೋಗುತ್ತವೆ.

ಸೀಳಿನ ಗಾಜು ಮಾಡುವುದೇ ನಾಜೂಕಿನ ಕೆಲಸ. ಸೂಕ್ಷ್ಮದರ್ಶಕದ ಸ್ಲೈಡನ್ನು ಮೇಣದ ಬತ್ತಿಯ ಜ್ವಾಲೆಯ ತುದಿಯಲ್ಲಿ ಆಚೀಚೆ ಆಡಿಸಿ ಕಾಡಿಗೆ ಹಿಡಿಸಿ. ಬಲ್ಬಿಗೆ ಹಿಡಿದರೆ ಬೆಳಕು ತೂರಿ ಬರಬಾರದು. ಒಂದೇ ಕಡೆ ನಿಲ್ಲಿಸಿದರೆ ಗಾಜು ಸಿಡಿಯುತ್ತದೆ. ಗಡ್ಡ ಹೆರೆಯುವ ಎರಡು ಬ್ಲೇಡುಗಳ ನಡುವೆ ಜೆರಾಕ್ಸ್ ಕಾಗದದ ನಾಲ್ಕು ಚೂರು ಇಟ್ಟು, ಎರಡೂ ಅಲಗು ಒಂದೇ ಮಟ್ಟಕ್ಕೆ ಬರುವಂತೆ ಟೇಪ್ ಸುತ್ತಿ. ಕಾಗದ ಒಂದೊಂದೂ 0.1 ಮಿ.ಮೀ., ಬ್ಲೇಡ್ ದಪ್ಪವೂ ಅಷ್ಟೇ, ಹಾಗಾಗಿ ಅಲಗಿನಿಂದ ಅಲಗಿಗೆ 0.5 ಮಿ.ಮೀ. ಉಕ್ಕಿನ ಸ್ಕೇಲಿಗೆ ಒರಗಿಸಿ ಕಾಡಿಗೆಯ ಮೇಲೆ ಒಂದೇ ಸಲ ಎಳೆಯಿರಿ. ಎರಡನೇ ಸಲ ಎಳೆದರೆ ಸೀಳು ಅಗಲವಾಗಿ ಪಟ್ಟೆಗಳ ಸಂಖ್ಯೆ ಇಳಿಯುತ್ತದೆ, ನಡುವಿನ ಕಾಡಿಗೆಯೂ ಕಿತ್ತುಬಂದು ಎರಡು ಸೀಳು ಒಂದಾಗುವ ಅಪಾಯ ಇದೆ. ಬ್ಲೇಡ್ ಕೆಲಸ ನಿಮ್ಮದೇ, ಮಕ್ಕಳ ಕೈಗೆ ಬೇಡ. ಕಾಡಿಗೆ ಮುಟ್ಟಿದರೆ ಹೋಗುತ್ತದೆ, ಅದಕ್ಕೆ ಅಂಚಿಗೆ ರಟ್ಟಿನ ಪಟ್ಟಿ ಇಟ್ಟು ಮೇಲೊಂದು ಸ್ಲೈಡ್ ಮುಚ್ಚಿ ಟೇಪ್ ಹಾಕಿ. ಕಾಡಿಗೆಯ ಬದಲು ಹಳೆಯ ಎಕ್ಸ್-ರೇ ಫಿಲ್ಮ್ ಕೆರೆಯಲು ಹೋಗುವವರಿದ್ದಾರೆ. ಅದರ ಎರಡೂ ಬದಿಗೆ ಲೇಪವಿರುವುದು ಸಾಮಾನ್ಯ, ಒಂದು ಕಡೆ ಕೆರೆದರೆ ಬೆಳಕು ಬರುವುದಿಲ್ಲ.

ತೂತಿನಿಂದ 3 ಮೀಟರ್ ದೂರಕ್ಕೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಗೆರೆ ಎಳೆದು, ಅಲ್ಲಿ ಮಕ್ಕಳ ಕಣ್ಣಿನ ಮಟ್ಟಕ್ಕೆ ಸ್ಟ್ಯಾಂಡಿನಲ್ಲಿ ಈ ಗಾಜನ್ನು ನಿಲ್ಲಿಸಿ. ಸೀಳುಗಳಿಗೆ ಕಣ್ಣನ್ನು ತೀರಾ ಹತ್ತಿರ ತಂದು ನೋಡಬೇಕು, ಎರಡೂ ಸೀಳಿನ ಬೆಳಕು ಪಾಪೆಯೊಳಗೆ ಬೀಳಬೇಕು. 1 ಮಿ.ಮೀ. ತೂತಿನ ಮೇಲೆ ಕಪ್ಪು-ಹಸಿರು ಪಟ್ಟೆ ಸೂಜಿಯಂತೆ ಕಾಣುತ್ತದೆ. ಲೆಕ್ಕದ ಪ್ರಕಾರ ಪಟ್ಟೆಯ ತೀಕ್ಷ್ಣತೆ (ಬೆಳಕಿನ ಪಟ್ಟೆಗೂ ಕಪ್ಪು ಪಟ್ಟೆಗೂ ಇರುವ ವ್ಯತ್ಯಾಸ ಎಷ್ಟು ಸ್ಪಷ್ಟ ಎಂಬ ಅಳತೆ) ನೂರಕ್ಕೆ 89. 2 ಮಿ.ಮೀ.ಗೆ 61, 3 ಮಿ.ಮೀ.ಗೆ 27, 4 ಮಿ.ಮೀ.ಗೆ ಸೊನ್ನೆ. ನಾಲ್ಕನೆಯ ತೂತು ಎಲ್ಲಕ್ಕಿಂತ ಪ್ರಕಾಶಮಾನ, ಆದರೆ ಪಟ್ಟೆ ಮಾತ್ರ ಇಲ್ಲ. ಈಗ ಸ್ಟ್ಯಾಂಡನ್ನು 6 ಮೀಟರಿಗೆ ಹಿಂದೆ ಒಯ್ದು ಅದೇ 4 ಮಿ.ಮೀ. ತೂತನ್ನು ನೋಡಿಸಿ. ಪಟ್ಟೆ ವಾಪಸು ಬರುತ್ತದೆ, 61ರ ತೀಕ್ಷ್ಣತೆಯಲ್ಲಿ. ದೂರ ಹೋದ ನಕ್ಷತ್ರ ಸಣ್ಣದಾಗಿ ಕಂಡಿತು, ಅಷ್ಟೇ. ಇದೇ 4 ಮಿ.ಮೀ. ತೂತನ್ನು 17.5 ಕಿ.ಮೀ. ಆಚೆ ಇಟ್ಟರೆ ಆರಿದ್ರಾ ನಕ್ಷತ್ರದ ಕೋನಕ್ಕೆ ಸರಿಸಮ.

ನಿಮ್ಮ ಸೀಳಿನ ಅಂತರ ಸರಿಯಾಗಿ 0.5 ಬಂದಿರಲಿಕ್ಕಿಲ್ಲ. ಪರವಾಗಿಲ್ಲ. ಅಂತರ ಎಷ್ಟೇ ಇರಲಿ, ಹಸಿರು ಬೆಳಕಿಗೆ 3 ಮೀಟರ್ ದೂರದಲ್ಲಿ ಪಟ್ಟೆ ಅಳಿಸುವ ತೂತಿನ ವ್ಯಾಸ, 2ನ್ನು ಆ ಅಂತರದಿಂದ ಭಾಗಿಸಿದಷ್ಟು, ಎಲ್ಲ ಮಿ.ಮೀ. ಲೆಕ್ಕದಲ್ಲಿ. ಅಂತರ 0.4 ಇದ್ದರೆ 5 ಮಿ.ಮೀ. ತೂತು ಬೇಕು.

ಗೋಡೆಗೆ ಏನು ಬರೆಯುವುದು

ಆ ನಾಲ್ಕು ತೂತುಗಳಲ್ಲಿ ಕಂಡದ್ದನ್ನೇ ಬರೆಯಿರಿ. 8 × 4 ಅಡಿ ಪ್ಲೈವುಡ್‌ಗೆ ಬ್ಲ್ಯಾಕ್‌ಬೋರ್ಡ್ ಪೇಂಟ್ ಎರಡು ಕೈ ಹೊಡೆಸಿ. ಅದು ಮ್ಯಾಟ್ ಕಪ್ಪು, ಶಾಲೆಯಲ್ಲಿ ಉಳಿದದ್ದೂ ಇರಬಹುದು. 10 ಸೆಂ.ಮೀ. ಚೌಕಗಳಿಗೆ ಗೆರೆ ಹಾಕಿದರೆ ಅಡ್ಡಕ್ಕೆ 24, ಉದ್ದಕ್ಕೆ 12. ಮೂರು ಮೂರು ಸಾಲು ಒಂದೊಂದು ನಕ್ಷತ್ರಕ್ಕೆ, ಅಂದರೆ ಒಂದೊಂದು ತೂತಿಗೆ, ಮೇಲಿನಿಂದ ಕೆಳಕ್ಕೆ ದೊಡ್ಡದಾಗುತ್ತಾ. ಅಡ್ಡಕ್ಕೆ ಮೂರು ಚೌಕ ಬೆಳಕಿನ ಪಟ್ಟೆ, ಮೂರು ಚೌಕ ಕಪ್ಪು ಪಟ್ಟೆ, ಹೀಗೆ ನಾಲ್ಕು ಆವರ್ತನೆ. ಪಟ್ಟೆಗಳ ಅಗಲ ಎಲ್ಲ ಸಾಲಿನಲ್ಲೂ ಒಂದೇ ಇರಬೇಕು. ನಕ್ಷತ್ರ ದೊಡ್ಡದಾದರೆ ಬದಲಾಗುವುದು ತೀಕ್ಷ್ಣತೆ, ಅಂತರವಲ್ಲ. ಚಿತ್ರ ಚೆಂದ ಕಾಣಲಿ ಎಂದು ಇದನ್ನು ಬದಲಿಸಬೇಡಿ.

ತೀಕ್ಷ್ಣತೆಯನ್ನು ಪಾಲಿಷ್ ಹಾಳೆಯ ಪಟ್ಟಿಗಳ ಅಗಲದಿಂದ ತೋರಿಸಿ. ಮೊದಲ ಮೂರು ಸಾಲಿನಲ್ಲಿ ಬೆಳಕಿನ ಚೌಕವೊಂದಕ್ಕೆ 9.5 ಸೆಂ.ಮೀ. ಅಗಲದಷ್ಟು ಬಣ್ಣದ ಹಾಳೆ, ಕಪ್ಪು ಚೌಕಕ್ಕೆ ಬರೀ ಅರ್ಧ ಸೆಂ.ಮೀ. ಎರಡನೇ ಮೂರು ಸಾಲಿಗೆ 8 ಮತ್ತು 2. ಮೂರನೆಯದಕ್ಕೆ 6.5 ಮತ್ತು 3.5. ಕೊನೆಯ ಮೂರು ಸಾಲಿಗೆ ಎಲ್ಲ ಚೌಕಕ್ಕೂ 5. ಒಂದು ಚೌಕದೊಳಗಿನ ಪಾಲನ್ನು ಒಂದೇ ತುಂಡಾಗಿ ಅಂಟಿಸದೆ ಸಣ್ಣ ಪಟ್ಟಿಗಳಾಗಿ ಹರಡಿದರೆ ದೂರದಿಂದ ಹದವಾಗಿ ಬೆರೆಯುತ್ತದೆ. ನಿಜವಾದ ಪಟ್ಟೆಯಲ್ಲಿ ಬೆಳಕು ಹಂತ ಹಂತವಾಗಿ ಏರಿ ಇಳಿಯುತ್ತದೆ, ಇಲ್ಲಿ ಮೆಟ್ಟಿಲು ಮಾಡಿಕೊಂಡಿದ್ದೇವೆ ಎಂದು ಪಕ್ಕದ ಬೋರ್ಡಿನಲ್ಲಿ ಬರೆದುಬಿಡಿ. ಒಟ್ಟು ಬೇಕಾಗುವುದು 144 ಚೌಕದಷ್ಟು ಹಾಳೆ. ಒಂದು ಹನಿಯ 15 ಸೆಂ.ಮೀ. ವೃತ್ತದಲ್ಲಿ 10 ಸೆಂ.ಮೀ. ಚೌಕ ಒಂದು ಸರಿಯಾಗಿ ಕೂರುತ್ತದೆ. ಕೆಟ್ಟವುಗಳನ್ನೂ ಹಿಡಿದು 180 ಎತ್ತಿಕೊಳ್ಳಿ, ಸಣ್ಣ ಬಾಟಲಿ ಎರಡು ಸಾಕು. ಅರ್ಧ ಕೆಟ್ಟ ಹಾಳೆಯನ್ನು ಎಸೆಯಬೇಡಿ, ಸಣ್ಣ ಪಟ್ಟಿಗೆ ಆಗುತ್ತದೆ.

ಈ ಚಿತ್ರ ಎಲ್ಲ ಕಡೆಯಿಂದ ಕಾಣುವುದಿಲ್ಲ ಎಂಬುದನ್ನು ಜಾಗ ಆರಿಸುವಾಗಲೇ ನೆನಪಿಡಿ. ಕನ್ನಡಿಯ ನಿಯಮದಂತೆ ಬೆಳಕು ಬಡಿದು ಕಣ್ಣಿಗೆ ಬಂದ ಕಡೆ ಮಾತ್ರ ಬಣ್ಣ. ಒಂದು ಟ್ಯೂಬ್‌ಲೈಟ್ ಇದ್ದರೆ ಒಂದು ಗೀಟು ಬಣ್ಣ ಕಾಣುತ್ತದೆ. ಎದುರಿಗೆ ಅಗಲವಾದ ಬೆಳಕು ಬೇಕು, ಬಿಸಿಲು ಬಿದ್ದ ಸುಣ್ಣದ ಗೋಡೆ ಇದ್ದರೆ ಬಹಳ ಒಳ್ಳೆಯದು, ಇಲ್ಲವೇ ಬಿಳಿ ಬೆಡ್‌ಶೀಟ್ ಕಟ್ಟಿ ಅದರ ಮೇಲೆ ಎಲ್‌ಇಡಿ ಬಿಡಿ. ನೇರ ನಿಂತು ನೋಡಿದಾಗ ಹಸಿರು-ಹಳದಿ ಕಂಡ ಪದರ 60 ಡಿಗ್ರಿ ಓರೆಯಿಂದ ನೀಲಿಯಾಗುತ್ತದೆ (566 ನ್ಯಾನೋಮೀಟರ್ ಇದ್ದದ್ದು 462ಕ್ಕೆ ಇಳಿಯುತ್ತದೆ), ಹಾಗಾಗಿ ಜನ ಪಕ್ಕದಿಂದ ನಡೆದುಬರುವ ಕಾರಿಡಾರ್ ಗೋಡೆ ಸಭಾಂಗಣದ ಗೋಡೆಗಿಂತ ಮೇಲು. ಇನ್ನೊಂದು: ಹಳೆಯ ಸಿಎಫ್‌ಎಲ್ ಬಲ್ಬ್ ಇದ್ದರೆ ನೀವು ಬೂದು ಎಂದು ಬದಿಗಿಟ್ಟ ಹಾಳೆಗಳನ್ನು ಅದರ ಕೆಳಗೆ ಹಿಡಿದು ನೋಡಿ. ಅದರ ಬೆಳಕು ಕೆಲವೇ ಬಣ್ಣಗಳ ತೆಳು ಗೆರೆಗಳಿಂದ ಕೂಡಿದ್ದು, ದಪ್ಪ ಪದರದಲ್ಲೂ ಗುಲಾಬಿ-ಹಸಿರು ಉಂಗುರ ಕಾಣಿಸುತ್ತದೆ.

ವರ್ಷಗಟ್ಟಲೆ ಉಳಿಯುವ ಒಂದು ತುಣುಕು ಬೇಕೆನಿಸಿದರೆ ನಡುವೆ ಉಕ್ಕಿನ ಬಿಲ್ಲೆ ಕೂರಿಸಬಹುದು. ಒಂದು ಮಿ.ಮೀ. ದಪ್ಪದ ಉಕ್ಕನ್ನು 400, ಆಮೇಲೆ 600 ನಂಬರಿನ ಎಮರಿ ಹಾಳೆಯಿಂದ ತಿಕ್ಕಿ, ಸ್ಪಿರಿಟ್‌ನಿಂದ ಒರೆಸಿ, ನಡುವಿಗೆ ಉರಿ ತಾಗುವಂತೆ ನಿಧಾನ ಕಾಯಿಸಿ. 230 ಡಿಗ್ರಿಗೆ ಹುಲ್ಲಿನ ಹಳದಿ, 280ಕ್ಕೆ ನೇರಳೆ, 300ಕ್ಕೆ ನೀಲಿ, ನಡುವಿನಿಂದ ಅಂಚಿಗೆ ಉಂಗುರವಾಗಿ ಓಡುತ್ತವೆ. ಅದೂ ಕಬ್ಬಿಣದ ಆಕ್ಸೈಡಿನ ತೆಳು ಪದರದ ವ್ಯತಿಕರಣವೇ. ಬೇಕಾದ ಬಣ್ಣಕ್ಕೆ ಸ್ವಲ್ಪ ಮುಂಚೆಯೇ ಉರಿಯಿಂದ ತೆಗೆದು ನೀರಿಗೆ ಹಾಕಿ, ಇಲ್ಲದಿದ್ದರೆ ಒಳಗಿನ ಕಾವಿಗೆ ಬಣ್ಣ ಮುಂದೆ ಹೋಗಿ ಬೂದಾಗುತ್ತದೆ. ಕಮ್ಮಾರರಿಗೆ ಈ ಹದ ಕೈಯಲ್ಲೇ ಇರುತ್ತದೆ, ಕೇಳಿ ಮಾಡಿಸಿ.

ಲೇಸರ್ ಬಗ್ಗೆ

ಗೋಡೆಚಿತ್ರಕ್ಕೆ ಬೇಡ. ಸೀಳಿನ ಅಂತರ ಅಳೆಯಲು ಮಾತ್ರ ಬಳಸಿ, ಮಕ್ಕಳು ಇಲ್ಲದ ಹೊತ್ತಿನಲ್ಲಿ. 1 ಮಿಲಿವ್ಯಾಟ್ ಒಳಗಿನ ಕೆಂಪು ಪಾಯಿಂಟರನ್ನು ಕ್ಲಿಪ್‌ನಿಂದ ಬಿಗಿದು, ಸೀಳಿನ ಮೂಲಕ 4 ಮೀಟರ್ ದೂರದ ಗೋಡೆಗೆ ಬಿಡಿ. ತರಂಗದೂರ 650 ನ್ಯಾನೋಮೀಟರ್, ಅಂತರ 0.5 ಮಿ.ಮೀ. ಆಗಿದ್ದರೆ ಪಟ್ಟೆಯಿಂದ ಪಟ್ಟೆಗೆ 5.2 ಮಿ.ಮೀ. ಒಂದನ್ನು ಅಳೆಯಬೇಡಿ, ಎಣಿಸಲು ಸಿಕ್ಕಷ್ಟು ಪಟ್ಟೆಗಳ ಒಟ್ಟು ಉದ್ದ ಅಳೆದು ಭಾಗಿಸಿ. 2.6ನ್ನು ಬಂದ ಉತ್ತರದಿಂದ ಭಾಗಿಸಿದರೆ ನಿಮ್ಮ ಸೀಳಿನ ನಿಜವಾದ ಅಂತರ ಮಿ.ಮೀ.ನಲ್ಲಿ ಸಿಗುತ್ತದೆ. ಹಸಿರು ಪಾಯಿಂಟರ್ ಕೊಳ್ಳಬೇಡಿ, ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಜೋರಿರುವವು ಮಾರುಕಟ್ಟೆಯಲ್ಲಿ ಬಹಳ. ಸೀಳಿನ ಗಾಜಿನಿಂದ ಸೂರ್ಯನನ್ನು ನೋಡುವುದನ್ನೂ ಮಕ್ಕಳಿಗೆ ಮೊದಲೇ ತಡೆಯಿರಿ.

ಲೇಸರ್ ಮತ್ತು ವ್ಯತಿಕರಣದ ದೊಡ್ಡ ಕೆಲಸ ನಿಮಗೆ ದೂರವೂ ಅಲ್ಲ. ಬೀದರ್‌ನಿಂದ ಉತ್ತರಕ್ಕೆ ನಾಂದೇಡ್ ದಾಟಿದರೆ ಹಿಂಗೋಲಿ ಜಿಲ್ಲೆ. ಅಲ್ಲಿ 4 ಕಿ.ಮೀ. ಉದ್ದದ ಎರಡು ತೋಳುಗಳ ಲೈಗೋ-ಇಂಡಿಯಾ ಕಟ್ಟಲು 2023ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಗುರುತ್ವದ ಅಲೆ ಹಾದಾಗ ತೋಳುಗಳ ಉದ್ದದಲ್ಲಿ ಆಗುವ ಅತಿ ಸಣ್ಣ ವ್ಯತ್ಯಾಸವನ್ನು ಲೇಸರ್ ಬೆಳಕಿನ ವ್ಯತಿಕರಣದಿಂದ ಹಿಡಿಯುವ ಉಪಕರಣ ಅದು. ಮೂಲ ವಿನ್ಯಾಸ ಅದೇ ಮೈಕೆಲ್ಸನ್ ಅವರದು. ಮೇಡಂ ಬೋರ್ಡಿಗೆ ಎರಡು ಸಾಲು ಬೇಕೆಂದರೆ ಇದನ್ನು ಬರೆಯಬಹುದು.

ಖರ್ಚಿನಲ್ಲಿ ದೊಡ್ಡ ಪಾಲು ಪ್ಲೈವುಡ್‌ಗೇ ಹೋಗುತ್ತದೆ. ಶಾಲೆಯಲ್ಲಿ ಹಳೆಯ ಬೋರ್ಡ್ ಇದ್ದರೆ ಅದಕ್ಕೇ ಪೇಂಟ್ ಹೊಡೆಸಿ, ಉಳಿದದ್ದೆಲ್ಲ ನಿಮ್ಮ ಬಜೆಟ್ಟಿನೊಳಗೆ ಬರುತ್ತದೆ. ಹಾಳೆಯ ಹಿಂಬದಿಗೆ ಫೆವಿಕಾಲ್ ತೆಳುವಾಗಿ ಹಚ್ಚಿ. ಹೆಚ್ಚಾದರೆ ಹಾಳೆ ನೆನೆದು ಉಬ್ಬುತ್ತದೆ, ಉಬ್ಬಿದ ಕಡೆ ಬೆಳಕಿನ ಕೋನ ತಪ್ಪಿ ಬಣ್ಣ ಚೆದರುತ್ತದೆ. ಅಂಟಿಸುವ ಕೆಲಸ 25ನೇ ತಾರೀಖಿನೊಳಗೆ ಮುಗಿದಿರಲಿ, ಬೋರ್ಡ್ ಎರಡು ದಿನ ಮಲಗಿಯೇ ಒಣಗಬೇಕು.